ಲಿನಕ್ಸ್‌ನಲ್ಲಿ ಅವಕೆಂಪು ರಿಮೋಟ್ ಪ್ರೋಟೋಕಾಲ್‌ಗಳು

ರಿಮೋಟ್ ಕಂಟ್ರೋಲ್‌ಗಳು ಹೊಮ್ಮಿಸುವ ಅವಕೆಂಪು ಮಿಡಿತಗಳನ್ನು ಓದುವ ವ್ಯವಸ್ಥೆ ಲಿನಕ್ಸ್‌ನಲ್ಲಿ ಸುಮಾರು ಎರಡು ದಶಕಗಳಲ್ಲಿ ರೂಪುಗೊಂಡಿತು. ಮಿಡಿತಗಳನ್ನು ಬಿಡಿಸುವ ಕೆಲಸ ಕರ್ನೆಲ್‌ನೊಳಗೆ ನಡೆಯಬೇಕೋ, ಅದರ ಹೊರಗೋ ಎಂಬುದೇ ಉದ್ದಕ್ಕೂ ಚರ್ಚೆಯ ತಿರುಳಾಗಿತ್ತು.

ತಯಾರಕರು ಒಂದೇ ಪದ್ಧತಿಗೆ ಒಪ್ಪಿದ್ದರೆ ಈ ಚರ್ಚೆಗೆ ಆಸ್ಪದವೇ ಇರುತ್ತಿರಲಿಲ್ಲ. ಫಿಲಿಪ್ಸ್‌ನ ಆರ್‌ಸಿ-5 ಪ್ರೋಟೋಕಾಲ್ 36 ಕಿಲೋಹರ್ಟ್ಸ್‌ನಲ್ಲಿ 14 ಬಿಟ್ ಕಳಿಸಿದರೆ, ಸೋನಿಯದು 40 ಕಿಲೋಹರ್ಟ್ಸ್‌ನಲ್ಲಿ 12, 15 ಇಲ್ಲವೇ 20 ಬಿಟ್ ಕಳಿಸುತ್ತದೆ. ವ್ಯಾಪಕವಾಗಿ ಬಳಕೆಯಲ್ಲಿರುವ ಎನ್‌ಇಸಿ ಪ್ರೋಟೋಕಾಲ್ 38 ಕಿಲೋಹರ್ಟ್ಸ್‌ನದು. ಗುಂಡಿ ಒತ್ತಿದೊಡನೆ 9 ಮಿಲಿಸೆಕೆಂಡುಗಳ ದೀರ್ಘ ಮಿಡಿತ, ಆಮೇಲೆ 4.5 ಮಿಲಿಸೆಕೆಂಡು ಮೌನ, ಅದರ ಬೆನ್ನಿಗೆ 32 ಬಿಟ್‌ಗಳು. ಮಿಡಿತಗಳೆಲ್ಲ ಒಂದೇ ಅಳತೆಯವು. ನಡುವಿನ ಮೌನ ಸುಮಾರು 0.56 ಮಿಲಿಸೆಕೆಂಡಾದರೆ ಸೊನ್ನೆ, 1.69 ಆದರೆ ಒಂದು. ಮೂಲ ರೂಪದಲ್ಲಿ ವಿಳಾಸವನ್ನೂ ಆದೇಶವನ್ನೂ ತಿರುಗುಮುರುಗಾಗಿಸಿ ಮತ್ತೊಮ್ಮೆ ಕಳಿಸುವುದರಿಂದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

1990ರ ದಶಕದ ಕೊನೆಯಲ್ಲಿ ರಾಲ್ಫ್ ಮೆಟ್ಜ್‌ಲರ್ ಆರಂಭಿಸಿ ಕ್ರಿಸ್ಟೋಫ್ ಬಾರ್ಟೆಲ್ಮಸ್ ಬೆಳೆಸಿದ 'ಎಲ್‌ಐಆರ್‌ಸಿ' ಈ ಕ್ಷೇತ್ರದ ಮೊದಲ ದೊಡ್ಡ ಪ್ರಯತ್ನ. ಹವ್ಯಾಸಿಗಳು ಅಗ್ಗದ ಗ್ರಾಹಕ ಬಿಡಿಭಾಗವೊಂದನ್ನು ಬೆಸುಗೆ ಹಾಕಿ ಸೀರಿಯಲ್ ಪೋರ್ಟಿನ ಡಿಸಿಡಿ ಪಿನ್ನಿಗೆ ಜೋಡಿಸುತ್ತಿದ್ದರು. ಆ ಪಿನ್ನಿನ ಸ್ಥಿತಿ ಬದಲಾದಾಗಲೆಲ್ಲ ಡ್ರೈವರ್ ಕಾಲವನ್ನು ಅಳೆಯುತ್ತಿತ್ತು, ಅಳತೆಗಳ ಅರ್ಥ ಬಿಡಿಸುವ ಹೊಣೆ ಹಿನ್ನೆಲೆಯಲ್ಲಿ ಓಡುವ 'ಲಿರ್ಕ್‌ಡಿ'ಯದು. ಗೊತ್ತಿಲ್ಲದ ರಿಮೋಟಾದರೆ 'ಐಆರ್‌ರೆಕಾರ್ಡ್' ಓಡಿಸಿ ಗುಂಡಿಗಳನ್ನು ಒಂದೊಂದಾಗಿ ಒತ್ತಿ ಕಲಿಸಬಹುದಿತ್ತು. ಯಾವ ಕಂಪನಿಯ ದಾಖಲೆಗೂ ಕಾಯದೆ ಬಳಕೆದಾರರೇ ತಮ್ಮ ರಿಮೋಟನ್ನು ದುಡಿಸಿಕೊಳ್ಳುವಂತಾದದ್ದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಪ್ರತಿ ಮಾದರಿಗೂ ಪ್ರತ್ಯೇಕ ಸಂರಚನಾ ಕಡತ ಬೇಕಿತ್ತು. ಡ್ರೈವರ್‌ಗಳು ಕರ್ನೆಲ್‌ನ ಅಧಿಕೃತ ಆಕರದಲ್ಲಿ ಇರಲಿಲ್ಲವಾದ್ದರಿಂದ ಕರ್ನೆಲ್ ಬದಲಾದಂತೆಲ್ಲ ಅವುಗಳನ್ನು ಹೊಂದಿಸಿ ಮತ್ತೆ ಕಂಪೈಲ್ ಮಾಡಬೇಕಾಗುತ್ತಿತ್ತು.

ರೆಡ್ ಹ್ಯಾಟ್‌ನ ಜ್ಯಾರಡ್ ವಿಲ್ಸನ್ ಈ ಡ್ರೈವರ್‌ಗಳನ್ನು ಒಳಸೇರಿಸಲು ಮುಂದಾದಾಗ, 2009ರ ಕೊನೆಯಲ್ಲಿ, ಚರ್ಚೆ ಕಾವೇರಿತು. ರಿಮೋಟಿನ ಗುಂಡಿಯೂ ಕೀಬೋರ್ಡಿನ ಕೀಲಿಯಂತೆ ಯಾವ ಸಿದ್ಧತೆಯೂ ಇಲ್ಲದೆ ಕೆಲಸ ಮಾಡಬೇಕು ಎಂಬುದು ಒಂದು ವಾದ. ವಿಚಿತ್ರ ಪ್ರೋಟೋಕಾಲ್‌ಗಳನ್ನೆಲ್ಲ ಕರ್ನೆಲ್‌ಗೆ ತುಂಬುವುದು ಸಲ್ಲದು ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿತ್ತು, ಪರಿಹಾರವೂ ಎರಡನ್ನೂ ಉಳಿಸಿಕೊಂಡಿತು. ಮಾವ್ರೊ ಕಾರ್ವಾಲ್ಯೊ ಶೆಹಾಬ್, ಡೇವಿಡ್ ಹಾರ್ಡೆಮನ್ ಮೊದಲಾದವರ ದುಡಿಮೆಯಿಂದ ಎನ್‌ಇಸಿ, ಆರ್‌ಸಿ-5ರಂಥ ಸಾಮಾನ್ಯ ಪ್ರೋಟೋಕಾಲ್‌ಗಳನ್ನು ಕರ್ನೆಲ್ ತಾನೇ ಬಿಡಿಸತೊಡಗಿತು. 2010ರ ಅಕ್ಟೋಬರಿನ 2.6.36ನೇ ಆವೃತ್ತಿಯಲ್ಲಿ ಎಲ್‌ಐಆರ್‌ಸಿ ಸಂಪರ್ಕವೂ ಸೇರಿಕೊಂಡು, ಕಚ್ಚಾ ಮಿಡಿತಗಳು ಹೊರಗಿನ ತಂತ್ರಾಂಶಕ್ಕೂ ದೊರೆತವು.

ಅಪರೂಪದ ರಿಮೋಟ್‌ಗಳ ತೊಡಕು ಬಗೆಹರಿದದ್ದು 2018ರಲ್ಲಿ. ಶಾನ್ ಯಂಗ್ ಅವರ ಕೆಲಸದ ಫಲವಾಗಿ 4.18ನೇ ಆವೃತ್ತಿ, ಬಿಪಿಎಫ್ ಎಂಬ ಕಿರು ಪ್ರೋಗ್ರಾಮುಗಳ ಮೂಲಕ ಮಿಡಿತಗಳನ್ನು ಬಿಡಿಸಲು ಅವಕಾಶ ಕೊಟ್ಟಿತು. ಹೊರಗಿನಿಂದ ಬರುವ ಇಂಥ ಪ್ರೋಗ್ರಾಮನ್ನು ಕರ್ನೆಲ್ ಮೊದಲು ಪರಿಶೀಲಿಸಿ, ಅಪಾಯವಿಲ್ಲವೆಂದು ಖಚಿತವಾದ ಮೇಲಷ್ಟೇ ಒಳಗೆ ಓಡಿಸುತ್ತದೆ. ಹೊಸ ರಿಮೋಟ್ ಪರಿಚಿತ ಮಾದರಿಯದೇ ಆದರೆ ಪ್ರೋಗ್ರಾಮನ್ನೂ ಬರೆಯಬೇಕಿಲ್ಲ. 'ಐಆರ್-ಕೀಟೇಬಲ್' ಓದುವ ಪಠ್ಯ ಕಡತದಲ್ಲಿ ಮಿಡಿತ, ಮೌನಗಳ ಅಳತೆಯನ್ನೂ ಗುಂಡಿಗಳ ಪಟ್ಟಿಯನ್ನೂ ನಮೂದಿಸಿದರೆ ಸಾಕಾಗುತ್ತದೆ.