ಒಂದು ಡಾಲರಿನ ವಿಮಾನ



ನಾವು ವಾಸಿಸುವ ಊರಿನ ಹೊರವಲಯದಲ್ಲಿ ಒಂದು ಚಿಕ್ಕ ವಿಮಾನ ನಿಲ್ದಾಣವಿದೆ. ಅಲ್ಲಿನ ಸೂಚನಾ ಫಲಕದಲ್ಲಿ ಒಮ್ಮೆ ಒಂದು ಚೀಟಿಯನ್ನು ಕಂಡೆವು. ಮನೆಯಲ್ಲೇ ಕಟ್ಟಿದ ವಿಮಾನ, ಇಳಿಯುವಾಗ ಜಖಂಗೊಂಡಿದೆ, ಇದ್ದ ಸ್ಥಿತಿಯಲ್ಲೇ ಮಾರಾಟಕ್ಕಿದೆ ಎಂಬುದು ಅದರ ಒಕ್ಕಣೆ. ಕುತೂಹಲದಿಂದ ವಿಚಾರಿಸಿದಾಗ ಅದರ ಒಡೆಯರಾದ ವೃದ್ಧರೊಬ್ಬರು ನಮ್ಮನ್ನು ತಮ್ಮ ಕೊಟ್ಟಿಗೆಗೆ ಕರೆದೊಯ್ದು, ಮುರಿದ ಚಕ್ರದ ಕಾಲು, ಸೀಳಿದ ರೆಕ್ಕೆ, ಬಾಗಿದ ಪ್ರೊಪೆಲ್ಲರ್ ಎಲ್ಲವನ್ನೂ ಒಂದೊಂದಾಗಿ ತೋರಿಸಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆದರೆ ಆ ಹಿರಿಯರು ತಮ್ಮ ಕೂಸಿನ ಗುಣಗಳಿಗಿಂತ ದೋಷಗಳನ್ನೇ ಹೆಚ್ಚಾಗಿ ಹೇಳಿದರು. ಇಂದಿನ ಉಪನ್ಯಾಸದ ವಿಷಯ ನಮಗೆ ಹೊಳೆದದ್ದು ಆ ಕೊಟ್ಟಿಗೆಯಲ್ಲಿ.

ಅಮೆರಿಕದಲ್ಲಿ ಹವ್ಯಾಸಿಗಳು ತಮ್ಮ ವಿಮಾನವನ್ನು ತಾವೇ ಕಟ್ಟಿಕೊಳ್ಳಲು ಕಾನೂನು ಅವಕಾಶ ನೀಡುತ್ತದೆ. ಕೆಲಸದ ಬಹುಭಾಗವನ್ನು ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ಸ್ವಂತ ಕೈಯಿಂದಲೇ ಮಾಡಿರಬೇಕೆಂಬುದು ಅದರ ನಿಬಂಧನೆ. ಇಂಥವರನ್ನೆಲ್ಲ ಒಂದುಗೂಡಿಸಲು ಪಾಲ್ ಪೊಬೆರೆಜ್ನಿ ಎಂಬವರು 1953ರಲ್ಲಿ ಮಿಲ್ವಾಕಿಯಲ್ಲಿ ಒಂದು ಸಂಘವನ್ನು ಆರಂಭಿಸಿದರು. ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್ ಪಟ್ಟಣದಲ್ಲಿ ಆ ಸಂಘದವರು ಬೇಸಿಗೆಯಲ್ಲಿ ನಡೆಸುವ ಮೇಳವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಇಂಥ ವಿಮಾನವನ್ನು ಮಾರುವುದು ಮಾತ್ರ ಹಳೆಯ ಕಾರನ್ನು ಮಾರಿದಂತಲ್ಲ. ವರ್ಷಕ್ಕೊಮ್ಮೆ ತಪಾಸಣೆ ಮಾಡುವ ಅಧಿಕಾರವನ್ನು ಸರ್ಕಾರವು ಕಟ್ಟಿದವನಿಗೆ ಕೊಡಬಹುದು. ವಿಮಾನವನ್ನು ಕೊಂಡವನಿಗೆ ಆ ಅಧಿಕಾರ ಅದರೊಡನೆ ದಾಟುವುದಿಲ್ಲ. ಯಾವ ತಂತಿ ಎಲ್ಲಿ ಹಾದಿದೆ, ಯಾವ ಮೊಳೆ ಏಕೆ ಅಲ್ಲಿದೆ ಎಂಬ ತಿಳಿವಳಿಕೆ ಕಟ್ಟಿದವನ ತಲೆಯಲ್ಲೇ ಉಳಿದುಬಿಡುತ್ತದೆ. 1997ರ ಅಕ್ಟೋಬರ್ 12ರಂದು ಗಾಯಕ ಜಾನ್ ಡೆನ್ವರ್ ಅವರು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಮೃತರಾದದ್ದು ಇನ್ನೊಬ್ಬರು ಮನೆಯಲ್ಲಿ ಕಟ್ಟಿ, ಕೈಬದಲಾಗಿ ಬಂದಿದ್ದ ಇಂಥ ವಿಮಾನದಲ್ಲಿ. ಇಂಧನದ ತೊಟ್ಟಿ ಬದಲಿಸುವ ಹಿಡಿಕೆಯನ್ನು ಕಟ್ಟಿದವರು ಮೂಲ ನಕ್ಷೆಯಲ್ಲಿದ್ದ ಸ್ಥಳದಲ್ಲಿರಿಸದೆ ಚಾಲಕನ ಎಡಭುಜದ ಹಿಂದೆ ಇರಿಸಿದ್ದರೆಂದು ತನಿಖೆಯಿಂದ ತಿಳಿದುಬಂದಿತು.

ಹೀಗೆ ಮನೆಯಲ್ಲಿ ಕಟ್ಟಿ, ಜಖಂಗೊಂಡು, ಮಾರಾಟವಾದ ವಿಮಾನಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವಾದುದು ಯಾವುದು? ಅದನ್ನು ನೀವೆಲ್ಲರೂ ವಾಷಿಂಗ್ಟನ್ನಿನಲ್ಲಿ ನೋಡಿದ್ದೀರಿ. ಊರಿನಿಂದ ತಂದೆತಾಯಿಗಳು ಬಂದಾಗ ಅವರನ್ನು ಅದರ ಮುಂದೆ ನಿಲ್ಲಿಸಿ ಛಾಯಾಚಿತ್ರವನ್ನೂ ತೆಗೆದಿದ್ದೀರಿ. ಅದೇ ರೈಟ್ ಸಹೋದರರ 1903ರ ವಿಮಾನ. ಅದರ ಕ್ರಯ ಒಂದು ಡಾಲರ್.

ಓಹಾಯೋ ರಾಜ್ಯದ ಡೇಟನ್ ನಗರದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ವಿಲ್ಬರ್ ಮತ್ತು ಆರ್ವಿಲ್ ಸಹೋದರರು ಸ್ಪ್ರೂಸ್ ಮತ್ತು ಆಶ್ ಮರದ ಪಟ್ಟಿಗಳಿಂದ, ಮೇಲೆ ಮಸ್ಲಿನ್ ಬಟ್ಟೆ ಹೊದಿಸಿ, ಈ ಯಂತ್ರವನ್ನು ರಚಿಸಿದರು. ಅವರ ಅಂಗಡಿಯ ಕುಶಲಕರ್ಮಿ ಚಾರ್ಲಿ ಟೇಲರ್ ಸುಮಾರು ಆರು ವಾರಗಳಲ್ಲಿ ಹನ್ನೆರಡು ಅಶ್ವಶಕ್ತಿಯ ಎಂಜಿನ್ನನ್ನು ತಯಾರಿಸಿದ. ಎಂಜಿನ್ನಿನ ಶಕ್ತಿಯನ್ನು ಪ್ರೊಪೆಲ್ಲರುಗಳಿಗೆ ಮುಟ್ಟಿಸಿದ್ದು ಸೈಕಲ್ಲಿನಂಥದೇ ಸರಪಳಿ. ಒಟ್ಟು ಖರ್ಚು ಸಾವಿರ ಡಾಲರಿಗೂ ಕಡಿಮೆ. 1903ರ ಡಿಸೆಂಬರ್ 17, ಗುರುವಾರ, ಬೆಳಿಗ್ಗೆ 10 ಗಂಟೆ 35 ನಿಮಿಷಕ್ಕೆ ಕಿಟಿ ಹಾಕ್ ಸಮೀಪದ ಮರಳುದಿಬ್ಬಗಳ ಬಳಿ ಆರ್ವಿಲ್ 12 ಸೆಕೆಂಡುಗಳ ಕಾಲ 120 ಅಡಿ ಹಾರಿದರು. ಆ ದಿನದ ನಾಲ್ಕನೆಯ ಹಾಗೂ ಕೊನೆಯ ಹಾರಾಟದಲ್ಲಿ ವಿಲ್ಬರ್ 59 ಸೆಕೆಂಡುಗಳಲ್ಲಿ 852 ಅಡಿ ಕ್ರಮಿಸಿದರು.

ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ನಮ್ಮ ಕಥೆ ಇಲ್ಲಿಂದ ಆರಂಭವಾಗುತ್ತದೆ.

ನಾಲ್ಕನೆಯ ಹಾರಾಟದ ಇಳಿತದಲ್ಲಿ ಮುಂಭಾಗದ ಚೌಕಟ್ಟು ಮುರಿಯಿತು. ಅದನ್ನು ಸರಿಪಡಿಸಿ ಮತ್ತೆ ಹಾರಬೇಕೆಂದು ಸಹೋದರರು ಮಾತನಾಡಿಕೊಳ್ಳುತ್ತಿರುವಾಗಲೇ ಬಿರುಗಾಳಿಯೊಂದು ಬೀಸಿ ವಿಮಾನವನ್ನು ಎತ್ತಿ ಮಗುಚಿತು. ಮೊದಲ ಹಾರಾಟದ ಛಾಯಾಚಿತ್ರವನ್ನು ತೆಗೆದಿದ್ದ ಕರಾವಳಿ ರಕ್ಷಣಾ ಠಾಣೆಯ ಜಾನ್ ಡೇನಿಯಲ್ಸ್ ಅದನ್ನು ಹಿಡಿಯಹೋಗಿ, ತಂತಿಗಳಲ್ಲೂ ಮರದ ಕಂಬಗಳಲ್ಲೂ ಸಿಕ್ಕಿಕೊಂಡು ಉರುಳಿದ. ಹೇಗೋ ಪ್ರಾಣ ಉಳಿಯಿತು. ರೆಕ್ಕೆಯ ಪಟ್ಟಿಗಳು ಮುರಿದವು, ಎಂಜಿನ್ ಕೆಟ್ಟಿತು, ಸರಪಳಿಯ ದಾರಿಗಳು ಬಾಗಿದವು. ಜಗತ್ತಿನ ಮೊದಲ ವಿಮಾನದ ಆಯುಷ್ಯ ಒಂದು ಬೆಳಗು ಮಾತ್ರ. ಅದು ಮತ್ತೆಂದೂ ಹಾರಲಿಲ್ಲ.

ಅವಶೇಷಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಡೇಟನ್ನಿಗೆ ಸಾಗಿಸಿ ಅಂಗಡಿಯ ಹಿಂದಿನ ಕೊಟ್ಟಿಗೆಯಲ್ಲಿ ಇಟ್ಟರು. ಸಹೋದರರಿಗೆ ಅದರ ಮೇಲೆ ವಿಶೇಷ ಮಮತೆಯಿದ್ದಂತೆ ಕಾಣುವುದಿಲ್ಲ. 1900ರ ಗ್ಲೈಡರನ್ನು ಅವರು ಕಿಟಿ ಹಾಕ್‌ನಲ್ಲೇ ಬಿಟ್ಟು ಬಂದಿದ್ದರು. ಅಲ್ಲಿ ಅವರಿಗೆ ಆಶ್ರಯ ನೀಡಿದ್ದ ಟೇಟ್ ಕುಟುಂಬದ ಗೃಹಿಣಿ ಅದರ ಬಟ್ಟೆಯನ್ನು ಕತ್ತರಿಸಿ ತನ್ನ ಹೆಣ್ಣುಮಕ್ಕಳಿಗೆ ಲಂಗ ಹೊಲಿದಳು. (ಆ ತಾಯಿಯ ಮಿತವ್ಯಯವನ್ನು ನಮ್ಮ ಅಜ್ಜಿಯರು ಮೆಚ್ಚುತ್ತಿದ್ದರು.) 1906ರಲ್ಲಿ ಪ್ರದರ್ಶನವೊಂದಕ್ಕೆಂದು ನ್ಯೂಯಾರ್ಕಿಗೆ ಕಳುಹಿಸಿದ 1903ರ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಮತ್ತು ಫ್ಲೈವೀಲ್ ಹಿಂದಿರುಗಲೇ ಇಲ್ಲ. 1913ರ ಮಾರ್ಚ್ ತಿಂಗಳಲ್ಲಿ ಡೇಟನ್ನಿಗೆ ಮಹಾಪ್ರವಾಹ ನುಗ್ಗಿದಾಗ ಪೆಟ್ಟಿಗೆಗಳು ಹಲವು ದಿನ ನೀರು ಕೆಸರುಗಳಲ್ಲಿ ಮುಳುಗಿದ್ದವು. ಅಷ್ಟರಲ್ಲಿ ವಿಲ್ಬರ್ ಇರಲಿಲ್ಲ; 1912ರ ಮೇ 30ರಂದು, 45ನೆಯ ವಯಸ್ಸಿನಲ್ಲಿ, ವಿಷಮಶೀತ ಜ್ವರದಿಂದ ತೀರಿಕೊಂಡಿದ್ದರು. 1916ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ಸಮಾರಂಭಕ್ಕಾಗಿ ಆರ್ವಿಲ್ ಪೆಟ್ಟಿಗೆಗಳನ್ನು ತೆರೆಸಿ ವಿಮಾನವನ್ನು ಮೊದಲ ಬಾರಿಗೆ ದುರಸ್ತಿ ಮಾಡಿಸಿದರು.

ಈ ಹೊತ್ತಿಗೆ ಇನ್ನೊಂದು ಜಗಳ ಬೆಳೆದಿತ್ತು. ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ಸ್ಯಾಮ್ಯುಯೆಲ್ ಲ್ಯಾಂಗ್ಲಿಯವರೂ ವಿಮಾನ ಕಟ್ಟಿದ್ದರು. ಯುದ್ಧ ಇಲಾಖೆ ಅವರಿಗೆ 50,000 ಡಾಲರ್ ಕೊಟ್ಟಿತ್ತು. ಅವರ ಯಂತ್ರವು 1903ರ ಅಕ್ಟೋಬರಿನಲ್ಲಿ ಒಮ್ಮೆ, ಡಿಸೆಂಬರ್ 8ರಂದು ಮತ್ತೊಮ್ಮೆ, ಪೊಟೋಮ್ಯಾಕ್ ನದಿಗೆ ಬಿದ್ದಿತು. ಎರಡನೆಯ ಪತನಕ್ಕೂ ರೈಟ್ ಸಹೋದರರ ಹಾರಾಟಕ್ಕೂ ನಡುವೆ ಒಂಬತ್ತೇ ದಿನ. ಪತ್ರಿಕೆಗಳ ಅಪಹಾಸ್ಯಕ್ಕೆ ಗುರಿಯಾದ ಲ್ಯಾಂಗ್ಲಿ 1906ರಲ್ಲಿ ನಿಧನರಾದರು. ಅವರ ಸ್ಥಾನಕ್ಕೆ ಬಂದ ಚಾರ್ಲ್ಸ್ ವಾಲ್ಕಾಟ್ ತಮ್ಮ ಹಿರಿಯ ಮಿತ್ರನ ಮಾನವನ್ನು ಮರಳಿ ತರಲು ಬಯಸಿದರು. ಆ ಬಯಕೆ ತಪ್ಪಲ್ಲ. ಹಿಡಿದ ಮಾರ್ಗ ತಪ್ಪು.

1910ರಲ್ಲಿ ವಿಲ್ಬರ್ ತಮ್ಮ 1903ರ ಯಂತ್ರವನ್ನು ಸರಿಪಡಿಸಿ ಕೊಡಲು ಮುಂದೆ ಬಂದಾಗ ಸಂಸ್ಥೆಯು ಅದಕ್ಕಿಂತ ಹೊಸ ಮಾದರಿಯನ್ನು ಬಯಸಿತು. 1914ರಲ್ಲಿ ಅದೇ ಸಂಸ್ಥೆಯು ಲ್ಯಾಂಗ್ಲಿಯವರ ಹಳೆಯ ಯಂತ್ರವನ್ನು ಗ್ಲೆನ್ ಕರ್ಟಿಸ್ ಅವರ ಕೈಗೆ, 2,000 ಡಾಲರ್ ಸಹಿತ, ಒಪ್ಪಿಸಿತು. ಕರ್ಟಿಸ್ ಯಾರು? ರೈಟ್ ಸಹೋದರರ ಪೇಟೆಂಟ್ ಮೊಕದ್ದಮೆಯಲ್ಲಿ ಅದೇ ವರ್ಷದ ಜನವರಿಯಲ್ಲಿ ಸೋತಿದ್ದ ಪ್ರತಿವಾದಿ! ರೈಟರಿಗಿಂತ ಮೊದಲೇ ಹಾರಬಲ್ಲ ಯಂತ್ರವಿತ್ತೆಂದು ತೋರಿಸಿದರೆ ಅವರಿಗೇ ಲಾಭ. ಅವರು ಆ ಯಂತ್ರದ ರೆಕ್ಕೆ, ಆಧಾರ, ಎಂಜಿನ್ ವ್ಯವಸ್ಥೆಗಳನ್ನು ಮಾರ್ಪಡಿಸಿ, ದೋಣಿಯಂಥ ತೇಲುಪಟ್ಟಿಗಳನ್ನು ಕಟ್ಟಿ, ನ್ಯೂಯಾರ್ಕ್ ರಾಜ್ಯದ ಕ್ಯೂಕಾ ಸರೋವರದ ಮೇಲೆ ಕೆಲವು ಸೆಕೆಂಡುಗಳ ಕಾಲ ಎಬ್ಬಿಸಿದರು. ಬಳಿಕ ಯಂತ್ರವನ್ನು ಮೊದಲಿನ ರೂಪಕ್ಕೆ ತಂದು ವಸ್ತುಸಂಗ್ರಹಾಲಯದಲ್ಲಿರಿಸಲಾಯಿತು. ಮಾನವನನ್ನು ಹೊತ್ತು ಹಾರಬಲ್ಲ ಪ್ರಥಮ ವಿಮಾನ ಇದೇ ಎಂಬರ್ಥದ ಫಲಕವನ್ನೂ ತೂಗುಹಾಕಲಾಯಿತು. ಮಾಡಿದ ಮಾರ್ಪಾಟುಗಳ ಬಗ್ಗೆ ಫಲಕ ಮೌನವಾಗಿತ್ತು.

ಆರ್ವಿಲ್ ಸಂಕೋಚದ ಮನುಷ್ಯ. ಸಭೆಗಳಲ್ಲಿ ಮಾತನಾಡಲು ಹಿಂಜರಿಯುತ್ತಿದ್ದವರು. ಆದರೆ ಹಟ ಹಿಡಿದರೆ ಬಿಡುವವರಲ್ಲ. ಸಂಸ್ಥೆಯು ತಪ್ಪೊಪ್ಪಿಕೊಳ್ಳಲೆಂದು ವರ್ಷಗಟ್ಟಲೆ ಕಾದು, ಕೊನೆಗೆ 1928ರಲ್ಲಿ ವಿಮಾನವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿಬಿಟ್ಟರು. ಅಮೆರಿಕದ ಹೆಮ್ಮೆ ಪರದೇಶದಲ್ಲಿ! ದೇಶದೊಳಗೆ ಕೂಗೆದ್ದಿತು. ಆರ್ವಿಲ್ ಜಗ್ಗಲಿಲ್ಲ. ನಮಗೆ ಈ ಪ್ರಸಂಗ ಓದಿದಾಗಲೆಲ್ಲ ಮನಸ್ಸು ಮರುಗುತ್ತದೆ. ತನ್ನ ಮನೆಯಲ್ಲಿ ಮಾನ ದೊರೆಯದ ವಸ್ತುವನ್ನು ಪರರ ಮನೆಯಲ್ಲಿ ಇರಿಸಿ, ಅದು ಮರಳುವ ದಿನಕ್ಕಾಗಿ ಕಾಯುವ ಕಷ್ಟ ಎಂಥದೆಂದು ಊರು ಬಿಟ್ಟು ಬಂದ ನಮಗೆ ಸ್ವಲ್ಪ ಮಟ್ಟಿಗೆ ಅರ್ಥವಾಗುತ್ತದೆ.

ಹದಿನಾಲ್ಕು ವರ್ಷಗಳ ನಂತರ, 1942ರ ಅಕ್ಟೋಬರಿನಲ್ಲಿ, ಆಗಿನ ಕಾರ್ಯದರ್ಶಿ ಚಾರ್ಲ್ಸ್ ಆಬಟ್ ಅವರು ಲ್ಯಾಂಗ್ಲಿ ಯಂತ್ರದ 1903ರ ಹಾಗೂ 1914ರ ರೂಪಗಳ ನಡುವಿನ ವ್ಯತ್ಯಾಸಗಳ ಪಟ್ಟಿಯನ್ನು ಪ್ರಕಟಿಸಿ, ಸಂಸ್ಥೆಯ ಹಳೆಯ ಹೇಳಿಕೆಗಳು ಸರಿಯಲ್ಲವೆಂದು ಒಪ್ಪಿಕೊಂಡರು. ಮರುವರ್ಷ ಆರ್ವಿಲ್ ಲಂಡನ್ನಿಗೆ ಪತ್ರ ಬರೆದು, ಯುದ್ಧ ಮುಗಿದ ಮೇಲೆ ವಿಮಾನವನ್ನು ಮರಳಿಸಬೇಕೆಂದು ಕೋರಿದರು. ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದ ಆ ಕಾಲದಲ್ಲಿ ವಿಮಾನವು ನಗರದಿಂದ ದೂರ ನೆಲದಡಿಯ ಉಗ್ರಾಣದಲ್ಲಿ ಸುರಕ್ಷಿತವಾಗಿತ್ತು. ಅದು ಮರಳಿ ಬಂದುದನ್ನು ಮಾತ್ರ ಆರ್ವಿಲ್ ನೋಡಲಿಲ್ಲ. 1948ರ ಜನವರಿ 30ರಂದು ಅವರು ಕಣ್ಮುಚ್ಚಿದರು. ದೆಹಲಿಯಲ್ಲಿ ಗಾಂಧೀಜಿಯವರು ಹತರಾದದ್ದೂ ಅದೇ ದಿನ.

1937ರ ಉಯಿಲಿನ ಪ್ರಕಾರ ವಿಮಾನ ಲಂಡನ್ನಿನಲ್ಲೇ ಉಳಿಯಬೇಕಿತ್ತು; ಆರ್ವಿಲ್ ತಮ್ಮ ಪತ್ರದ ಮೂಲಕ ಬದಲಿಸಿದ್ದರೆ ಮಾತ್ರ ಬೇರೆ. 1943ರ ಪತ್ರವೇ ಆ ಬದಲಾವಣೆ ಎಂದಾಯಿತು. 1948ರ ನವೆಂಬರಿನಲ್ಲಿ ವಿಮಾನವು ಮಾರಿಟೇನಿಯಾ ಹಡಗನ್ನೇರಿ ಹೊರಟಿತು. ನ್ಯೂಯಾರ್ಕಿನ ಬಂದರಿನಲ್ಲಿ ಮುಷ್ಕರವಿದ್ದುದರಿಂದ ಅದನ್ನು ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ಇಳಿಸಿ, ಅಲ್ಲಿಂದ ಪಲಾವ್ ಎಂಬ ನೌಕಾಪಡೆಯ ಹಡಗಿನಲ್ಲಿಯೂ ಕೊನೆಗೆ ಲಾರಿಯಲ್ಲಿಯೂ ತರಬೇಕಾಯಿತು. ನವೆಂಬರ್ 23ರಂದು ಆರ್ವಿಲ್ ಅವರ ಆಸ್ತಿಯ ನಿರ್ವಾಹಕರು ಕರಾರುಪತ್ರಕ್ಕೆ ಸಹಿ ಹಾಕಿ, ಒಂದು ಡಾಲರಿಗೆ ವಿಮಾನವನ್ನು ಮಾರಿದರು. ಇದೇ ಸಹೋದರರು 1909ರಲ್ಲಿ ಸೈನ್ಯಕ್ಕೆ ಮಾರಿದ ವಿಮಾನಕ್ಕೆ, ವೇಗದ ಬಹುಮಾನವೂ ಸೇರಿ, 30,000 ಡಾಲರ್ ದೊರೆತಿತ್ತೆಂಬುದನ್ನು ನೆನೆಯಬೇಕು.

ಆದರೆ ಆ ಒಂದು ಡಾಲರಿನ ಹಿಂದೆ ಒಂದು ಷರತ್ತಿತ್ತು. 1903ರ ರೈಟ್ ವಿಮಾನಕ್ಕಿಂತ ಮೊದಲು ಬೇರಾವ ಯಂತ್ರವಾದರೂ ಮನುಷ್ಯನನ್ನು ಹೊತ್ತು, ಸ್ವಶಕ್ತಿಯಿಂದ, ಹತೋಟಿಯಲ್ಲಿ ಹಾರಬಲ್ಲುದಾಗಿತ್ತೆಂದು ಸ್ಮಿತ್ಸೋನಿಯನ್ ಸಂಸ್ಥೆಯು ಪ್ರಕಟಿಸುವಂತಿಲ್ಲ, ಫಲಕ ಹಾಕುವಂತಿಲ್ಲ. ಷರತ್ತು ಮುರಿದರೆ ವಿಮಾನದ ಒಡೆತನ ವಾರಸುದಾರರಿಗೆ ಮರಳಬಹುದು. ಮೂವತ್ತೈದು ವರ್ಷಗಳ ಅವಿಶ್ವಾಸವೆಲ್ಲ ಆ ಕೆಲವು ಸಾಲುಗಳಲ್ಲಿ ಹೆಪ್ಪುಗಟ್ಟಿದೆ.

ಇದು ನ್ಯಾಯವೇ? 1901ರಲ್ಲಿಯೇ ಕನೆಕ್ಟಿಕಟ್‌ನಲ್ಲಿ ಗುಸ್ತಾವ್ ವೈಟ್‌ಹೆಡ್ ಹಾರಿದರೆಂಬ ವಾದ 2013ರಲ್ಲಿ ಮತ್ತೆ ತಲೆಯೆತ್ತಿದಾಗ, ವಾದಿಗಳು ಈ ಕರಾರನ್ನೇ ಎತ್ತಿ ತೋರಿಸಿದರು. ಬಹುಪಾಲು ಇತಿಹಾಸಕಾರರು ವೈಟ್‌ಹೆಡ್ ಪರವಾದ ಸಾಕ್ಷ್ಯವನ್ನು ಒಪ್ಪುವುದಿಲ್ಲ, ನಾವೂ ಒಪ್ಪುವುದಿಲ್ಲ. ಆದರೂ ಸತ್ಯವನ್ನೇ ಹೇಳುತ್ತಿರುವ ಸಂಸ್ಥೆಯೊಂದು, ಕರಾರಿನ ಕಾರಣದಿಂದ ಹೇಳುತ್ತಿದೆಯೆಂಬ ಸಂಶಯಕ್ಕೆ ಎಡೆಗೊಟ್ಟದ್ದು ವಿಷಾದಕರ. ತಪ್ಪು ಆರ್ವಿಲ್ ಅವರದಲ್ಲ. 1914ರ ಸರೋವರದ ಬಳಿ ಬಿತ್ತಿದ್ದು ಇಲ್ಲಿ ಬೆಳೆದಿದೆ.

ಇಂಥ ಉಪನ್ಯಾಸದ ಕೊನೆಯಲ್ಲಿ ಸಭಿಕರೊಬ್ಬರು ಎದ್ದು, ನಮ್ಮ ಪೂರ್ವಿಕರು ಮೊದಲೇ ವಿಮಾನ ಮಾಡಿರಲಿಲ್ಲವೇ ಎಂದು ಕೇಳುವುದುಂಟು. ಅವರಿಗೆ ಮುಂಚಿತವಾಗಿಯೇ ಉತ್ತರಿಸುತ್ತೇವೆ. ಬೆಂಗಳೂರಿನ ಸಮೀಪದ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ವೈಮಾನಿಕ ಶಾಸ್ತ್ರವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿ ಪರಿಶೀಲಿಸಿದರು. ಅದರ ರಚನೆ 1904ಕ್ಕಿಂತ ಹಿಂದಿನದಲ್ಲವೆಂದೂ ಅದರಲ್ಲಿ ವರ್ಣಿಸಿದ ಯಂತ್ರಗಳು ಹಾರಲಾರವೆಂದೂ ಅವರು ತೀರ್ಮಾನಿಸಿದರು. ತೀರ್ಮಾನಿಸಿದವರು ನಮ್ಮವರೇ, ಸಂಸ್ಥೆಯೂ ನಮ್ಮದೇ. ಅವರಿಗೆ ಯಾವ ಕರಾರುಪತ್ರವೂ ಬೇಕಾಗಲಿಲ್ಲ.

ಮುಂದಿನ ಬಾರಿ ವಾಷಿಂಗ್ಟನ್ನಿಗೆ ಹೋದಾಗ ಮಕ್ಕಳಿಗೆ ಇದನ್ನೂ ಹೇಳಿರಿ. 2022ರಲ್ಲಿ ನವೀಕರಣಗೊಂಡು ತೆರೆದ ಅಂಗಣದಲ್ಲಿ ವಿಮಾನವು ಕಣ್ಣಿನ ಎತ್ತರಕ್ಕೇ ಇದೆ. ಕಾಣುವ ಬಟ್ಟೆ ಮಾತ್ರ 1903ರದಲ್ಲ. ಲಂಡನ್ನಿಗೆ ಕಳುಹಿಸುವ ಮೊದಲು 1927ರಲ್ಲಿ ಆರ್ವಿಲ್ ಹೊಸ ಬಟ್ಟೆ ಹೊದಿಸಿದರು. 1985ರಲ್ಲಿ ಮತ್ತೊಮ್ಮೆ ಹೊದಿಸಲಾಯಿತು. ಕಿಟಿ ಹಾಕ್‌ನ ಗಾಳಿಯನ್ನು ಕಂಡ ಹಳೆಯ ಮಸ್ಲಿನ್ ತುಣುಕುತುಣುಕಾಗಿ ಹಂಚಿಹೋಗಿದೆ. ಒಂದು ತುಣುಕು 1969ರಲ್ಲಿ ಅಪೊಲೊ 11ರೊಡನೆ ಚಂದ್ರನಿಗೆ ಹೋಗಿ ಬಂದಿತು. ಇನ್ನೊಂದು, ಅಂಚೆಚೀಟಿಯಷ್ಟು ಚಿಕ್ಕದು, 2021ರಲ್ಲಿ ಮಂಗಳ ಗ್ರಹದ ಮೇಲೆ ಹಾರಿದ ಪುಟ್ಟ ಹೆಲಿಕಾಪ್ಟರಿನ ಸೌರಫಲಕದ ಅಡಿಯಲ್ಲಿ ಕಟ್ಟಿಕೊಂಡು ಅಲ್ಲೇ ಇದೆ.

ನಮ್ಮೂರಿನ ವೃದ್ಧರ ವಿಮಾನವೂ ಕೊನೆಗೆ ಮಾರಾಟವಾಯಿತು. ಕೊಂಡವರು ಒಬ್ಬ ಶಾಲಾ ಉಪಾಧ್ಯಾಯರು. ಹಣ ಎಣಿಸುವ ಮೊದಲು ಆ ಹಿರಿಯರು ಅಪಘಾತದ ದಿನದ ಪುಟವನ್ನು ತೆರೆದು, ತಮ್ಮ ಕೈಬರಹದಲ್ಲಿದ್ದ ವಿವರವನ್ನು ಗಟ್ಟಿಯಾಗಿ ಓದಿ ಹೇಳಿದರು.