ಶುಕಭಾಷಿಣಿಯ ಗಿಳಿ

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಹಾಸನದ ಸೀಮೆಯವರಲ್ಲಿ ನೋಡದವರು ವಿರಳ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಆ ಗುಡಿಯ ಮದನಿಕೆಯರಲ್ಲಿ ಶುಕಭಾಷಿಣಿಯೂ ಒಬ್ಬಳು. ಅವಳ ಗಿಳಿ ಪಂಜರದಲ್ಲಿಲ್ಲ, ಕೈಯ ಮೇಲಿದೆ ಎಂಬುದನ್ನು ವಾಚಕರು ಗಮನಿಸಬೇಕು.

ಗಿಳಿಗೆ ಮಾತು ಕಲಿಸುವ ಹವ್ಯಾಸ ಬಹು ಪುರಾತನವಾದುದು. ಕ್ರಿಸ್ತನಿಗೆ ಸುಮಾರು ನಾನೂರು ವರ್ಷ ಹಿಂದೆಯೇ ಗ್ರೀಕರ ಕ್ಟೀಸಿಯಸನು, ಭಾರತದ ಈ ಹಕ್ಕಿಗೆ ಕಲಿಸಿದರೆ ಗ್ರೀಕ್ ಭಾಷೆಯನ್ನೂ ಆಡೀತೆಂದು ಬರೆದಿದ್ದನು. ಏಳನೆಯ ಶತಮಾನದ ಬಾಣನು ‘ಕಾದಂಬರಿ’ಯ ಕಥೆಯನ್ನು ಗಿಳಿಯ ಬಾಯಿಂದಲೇ ಹೇಳಿಸಿದನು, ನಾಗವರ್ಮನು ಅದನ್ನು ಕನ್ನಡದ ಚಂಪುವಾಗಿಸಿದನು. ವಿಂಧ್ಯಾಟವಿಯ ಬೂರುಗದ ಮರ, ಅದರ ಪೊಟರೆಯಲ್ಲಿ ಮರಿ, ಮರವೇರಿ ಗಿಳಿಗಳನ್ನು ಕೊಲ್ಲುವ ಮುದಿಬೇಡ, ಮರಿಯನ್ನು ರೆಕ್ಕೆಯೊಳಗೆ ಅಡಗಿಸಿಕೊಂಡು ಸಾಯುವ ತಂದೆ, ಇವೆಲ್ಲ ಅಲ್ಲಿವೆ. ಬಾಣನು ಬಲ್ಲ ಗಿಳಿ ಬರಿಯ ಕವಿಸಮಯದ ಗಿಳಿಯಲ್ಲ.

ನಿಜಕ್ಕೂ ಗಿಳಿ ಗೂಡು ಹೆಣೆಯದು. ಹಳೆಯ ಮರದ ಪೊಟರೆಯೇ ಅದರ ಮನೆ. ಮರಿ ಆರೇಳು ವಾರ ಅಲ್ಲಿಯೇ ಬೆಳೆಯುವುದು. ಅನಂತರದ ಬಾಳೆಲ್ಲ ಹಿಂಡಿನೊಡನೆ. ಪಂಜರದ ಗಿಳಿಗೆ ಹಿಂಡಿಲ್ಲ, ಮನೆಯವರೇ ಹಿಂಡು. ಆದಕಾರಣ ಅದು ನಮ್ಮ ದನಿಯನ್ನು ಕಲಿಯುತ್ತದೆ. ಅದು “ರಾಮ ರಾಮ” ಎಂದಾಗ ನಾವು ಭಕ್ತಿಯೆಂದು ಹಿಗ್ಗುತ್ತೇವೆ. ಅದು ತನ್ನವರನ್ನು ಕೂಗುತ್ತಿರುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ನಾಡಗಿಳಿಯನ್ನು ಹಿಡಿದು ಮಾರುವುದೂ ಪಂಜರದಲ್ಲಿ ಇಡುವುದೂ ಅಪರಾಧ. ಪೇಟೆಯಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಪುಟ್ಟ ಗಿಳಿ ಬೇರೆ. ಅದು ಆಸ್ಟ್ರೇಲಿಯದ ಬಡ್ಜರಿಗಾರ್; 1840ರಲ್ಲಿ ಜಾನ್ ಗೋಲ್ಡ್ ಎಂಬಾತನು ಇದನ್ನು ಇಂಗ್ಲೆಂಡಿಗೆ ಜೀವಂತವಾಗಿ ಒಯ್ದನು. ಅಂದಿನಿಂದ ಪಂಜರದಲ್ಲೇ ತಲೆತಲಾಂತರ ಬೆಳೆದುಬಂದರೂ ಅದರ ಸ್ವಭಾವ ಮಾತ್ರ ಬದಲಾಗಿಲ್ಲ. ಒಣನಾಡಿನಲ್ಲಿ ಮಳೆಯನ್ನರಸಿ ಸಾವಿರಗಟ್ಟಲೆ ಕೂಡಿ ಹಾರುವ ಹಕ್ಕಿ ಅದು. ಸಾಕುವುದಾದರೆ ಒಂಟಿಯಾಗಿ ಇಡಬೇಡಿರಿ. ಎತ್ತರದ ಪಂಜರಕ್ಕಿಂತ ಉದ್ದನೆಯದನ್ನು ಆರಿಸಿರಿ, ಹಾರಲು ಅದೇ ಅನುಕೂಲ. ಅಡುಗೆಮನೆಯ ಹೊಗೆಯಿಂದ ದೂರವಿಡಿರಿ.

ನಾಡಗಿಳಿಯನ್ನು ನೋಡಬೇಕೆಂಬ ಮಕ್ಕಳಿಗೆ ಪಂಜರವೇಕೆ? ಅರಕಲಗೂಡಿನ ಮುಸುಕಿನ ಜೋಳದ ಹೊಲಗಳಿಗೆ, ಹೊಳೆನರಸೀಪುರದ ಹೇಮಾವತಿ ದಂಡೆಗೆ ಸಂಜೆ ಕರೆದೊಯ್ಯಿರಿ. ತೆನೆ ಕಳೆದುಕೊಂಡ ರೈತ ಗಿಳಿಯನ್ನು ಬೈದರೆ ಅವನ ಮಾತೂ ಸುಳ್ಳಲ್ಲ. ಆದರೂ ಚನ್ನರಾಯಪಟ್ಟಣದ ತೋಟದವರು ಮನೆಯಿಂದ ದೂರದಲ್ಲಿ ಒಣಗಿ ನಿಂತ ತೆಂಗಿನ ಮರವೊಂದನ್ನು ಕಡಿಯದೆ ಬಿಟ್ಟರೆ, ಅದರ ಪೊಟರೆಯಲ್ಲಿ ಒಂದು ಸಂಸಾರ ನಡೆದೀತು.