ಕಾಫಿ ತೋಟಗಳಲ್ಲಿ ಗಣಕ ದಾಖಲೆಗಳ ಬ್ಯಾಕಪ್

ಬ್ಯಾಕಪ್ ಎಂದರೆ ಗಣಕಯಂತ್ರದಲ್ಲಿರುವ ದತ್ತಾಂಶದ ಪ್ರತಿಯೊಂದನ್ನು, ಮೂಲವು ನಾಶವಾದಾಗ ಮರಳಿ ಪಡೆಯಲು ಸಾಧ್ಯವಾಗುವಂತೆ, ಪ್ರತ್ಯೇಕ ಸಾಧನದಲ್ಲಿ ಕಾಯ್ದಿರಿಸುವ ಕ್ರಮ. ಇದನ್ನು 'ಮೀಸಲು ಪ್ರತಿ' ಎನ್ನಬಹುದಾದರೂ ಬಳಕೆಯಲ್ಲಿ ನೆಲೆಯೂರಿರುವುದು ಬ್ಯಾಕಪ್ ಎಂಬ ಪದವೇ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸ ಮೊದಲಾದ ಕಾಫಿ ಬೆಳೆಯುವ ಪ್ರದೇಶಗಳಲ್ಲಿ ಹವಾಮಾನ ಮತ್ತು ಭೂಸ್ವರೂಪದ ಕಾರಣದಿಂದ ಈ ಕ್ರಮಕ್ಕೆ ವಿಶೇಷ ಮಹತ್ತ್ವವಿದೆ.

ಹಿನ್ನೆಲೆ

ಪ್ರತಿಗಳನ್ನು ಹೆಚ್ಚಿಸಿ ಕೃತಿಯನ್ನು ಉಳಿಸುವ ಉಪಾಯ ಕನ್ನಡಕ್ಕೆ ಹೊಸತಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಇಲ್ಲಿ ಗಮನಿಸಬೇಕಾದುದು ಪ್ರತಿಗಳ ಸಂಖ್ಯೆಯನ್ನು ಮಾತ್ರವಲ್ಲ, ಅವು ಒಂದೇ ಭಂಡಾರದಲ್ಲಿ ಉಳಿಯದೆ ಬೇರೆ ಬೇರೆ ಊರುಗಳನ್ನು ಸೇರಿದುದನ್ನು. ಇಂದಿನ ಬ್ಯಾಕಪ್ ನಿಯಮಗಳ ತಿರುಳೂ ಇದೇ.

ಉಳಿಸಬೇಕಾದ ದಾಖಲೆಗಳು

ಎಲ್ಲ ಕಡತಗಳಿಗೂ ಒಂದೇ ಬೆಲೆಯಿಲ್ಲ. ಪಹಣಿಯು ಸರ್ಕಾರದ 'ಭೂಮಿ' ವ್ಯವಸ್ಥೆಯಿಂದಲೂ ಖಾತೆಯ ವಿವರವು ಬ್ಯಾಂಕಿನಿಂದಲೂ ಮತ್ತೆ ದೊರೆಯುತ್ತವೆ. ತೋಟದಲ್ಲಿಯೇ ಹುಟ್ಟಿದ ದಾಖಲೆ ಹಾಗಲ್ಲ. ಚೆಕ್‌ರೋಲ್, ಬಟವಾಡೆಯ ಲೆಕ್ಕ, ತೋಟದ ಭಾಗವಾರು ಇಳುವರಿ ಮತ್ತು ಮಳೆಯ ದಾಖಲೆಗಳಿಗೆ ಬೇರೆ ಮೂಲವಿಲ್ಲ. ಅನೇಕ ತೋಟಗಳಲ್ಲಿ ತಲೆಮಾರುಗಳಿಂದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಬರೆದಿಡುವ ರೂಢಿಯಿದೆ. ಬೇಸಿಗೆಯ ಆರಂಭದ ಹೂಮಳೆ ಯಾವ ದಿನ ಎಷ್ಟು ಬಿತ್ತು, ಅದರ ಬೆನ್ನಿಗೆ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು ಎಂಬುದರ ಮೇಲೆ ಆ ವರ್ಷದ ಫಸಲು ನಿಂತಿರುತ್ತದೆ. ಒಂದು ಗುಡ್ಡದಲ್ಲಿ ಬಿದ್ದ ಮಳೆ ಪಕ್ಕದ ಗುಡ್ಡದಲ್ಲಿ ಬೀಳದಿರುವುದು ಸಾಮಾನ್ಯವಾದ ಕಾರಣ ನೆರೆಯ ತೋಟದ ಲೆಕ್ಕವೂ ಇದಕ್ಕೆ ಬದಲಾಗದು. ಹಳೆಯ ಪುಸ್ತಕಗಳಿಂದ ಈ ಅಂಕಿಗಳನ್ನು ಗಣಕಕ್ಕೆ ಏರಿಸಿದ ಬಳಿಕ ಮೂಲ ಪುಸ್ತಕವನ್ನು ರದ್ದಿಗೆ ಹಾಕುವುದು ಸಲ್ಲದು. ಅದು ವಿದ್ಯುತ್ತಿನ ಹಂಗಿಲ್ಲದ ಒಂದು ಪ್ರತಿ.

ಮಲೆನಾಡಿನ ಅಪಾಯಗಳು

ಮುಂಗಾರಿಗೆ ಮೊದಲಿನ ಏಪ್ರಿಲ್–ಮೇ ತಿಂಗಳ ಸಿಡಿಲು ಇಲ್ಲಿನ ಗಣಕಗಳಿಗೆ ದೊಡ್ಡ ಅಪಾಯ. ಸಿಡಿಲಿನ ಪ್ರವಾಹವು ವಿದ್ಯುತ್ ತಂತಿಯಿಂದಲ್ಲದೆ ತಾಮ್ರದ ದೂರವಾಣಿ ತಂತಿಯಿಂದಲೂ ಒಳಬರಬಲ್ಲದು. ಯುಪಿಎಸ್ ಸಾಧನವು ದಿಢೀರನೆ ವಿದ್ಯುತ್ ಕಡಿದಾಗ ಕಡತ ಕೆಡದಂತೆ ಕಾಯುತ್ತದೆ. ಹತ್ತಿರದಲ್ಲಿ ಬಡಿದ ಸಿಡಿಲನ್ನು ತಡೆಯುತ್ತದೆಂದು ನಂಬುವಂತಿಲ್ಲ. ಬ್ಯಾಕಪ್ ಡಿಸ್ಕನ್ನು ಸದಾ ಗಣಕಕ್ಕೆ ಜೋಡಿಸಿಟ್ಟಿದ್ದರೆ ಮೂಲವೂ ಪ್ರತಿಯೂ ಒಂದೇ ಕ್ಷಣದಲ್ಲಿ ಹೋಗಬಹುದು.

ಮಳೆಗಾಲದ ತಿಂಗಳುಗಟ್ಟಲೆ ತೇವದಿಂದ ಸಿಡಿ, ಡಿವಿಡಿಗಳಿಗೂ ಡಿಸ್ಕಿನ ಜೋಡಣೆಯ ತುದಿಗಳಿಗೂ ಬೂಷ್ಟು ಹಾಗೂ ಕಿಲುಬು ಹಿಡಿಯುತ್ತದೆ. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುವುದು ಸುಲಭ ಪರಿಹಾರ. ಇದಲ್ಲದೆ ನೆರೆ, ಭೂಕುಸಿತಗಳೂ ಇವೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಹಲವೆಡೆ ಗುಡ್ಡ ಕುಸಿದು ಮನೆ, ತೋಟಗಳು ನಾಶವಾದವು. ಕಳಸ–ಹೊರನಾಡು ಮಾರ್ಗದ ಹೆಬ್ಬಾಳೆ ಸೇತುವೆಯು ಭದ್ರಾ ನದಿಯ ನೆರೆಗೆ ಹಲವು ಬಾರಿ ಮುಳುಗಿದೆ. ಮನೆಯ ಇನ್ನೊಂದು ಕೋಣೆಯ ಕಪಾಟಿನಲ್ಲಿಟ್ಟ ಪ್ರತಿಯು ಇಂತಹ ಸಂದರ್ಭದಲ್ಲಿ ಪ್ರತಿಯೇ ಅಲ್ಲ.

ವಿಧಾನದ ಆಯ್ಕೆ

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚುರಪಡಿಸಿದ '3-2-1' ನಿಯಮದಂತೆ ದತ್ತಾಂಶದ 3 ಪ್ರತಿಗಳು, 2 ಬಗೆಯ ಸಾಧನಗಳಲ್ಲಿದ್ದು, ಅವುಗಳಲ್ಲಿ 1 ಬೇರೆ ಸ್ಥಳದಲ್ಲಿರಬೇಕು. ತೋಟದ ಮಟ್ಟಿಗೆ ಇದು ದುಬಾರಿಯಲ್ಲ. ಎರಡು ಬಾಹ್ಯ ಹಾರ್ಡ್ ಡಿಸ್ಕ್‌ಗಳನ್ನು ಕೊಂಡು, ಬಟವಾಡೆಯ ದಿನ ಒಂದಕ್ಕೆ ನಕಲು ಮಾಡಿ ತಂತಿ ಕಳಚಿಡುವುದು; ಇನ್ನೊಂದನ್ನು ಚಿಕ್ಕಮಗಳೂರಿನಂತಹ ದೂರದ ಪಟ್ಟಣದ ಬಂಧುಗಳ ಮನೆಯಲ್ಲೋ ಬ್ಯಾಂಕಿನ ಲಾಕರಿನಲ್ಲೋ ಇರಿಸಿ, ಹೋಗಿಬರುವಾಗ ಅದಲುಬದಲು ಮಾಡುವುದು. ಪೆನ್‌ಡ್ರೈವ್ ಸಾಗಣೆಗೆ ಸರಿ, ವರ್ಷಗಟ್ಟಲೆ ಕಾಪಿಡಲು ಅಲ್ಲ.

ಕ್ಲೌಡ್ ಸಂಗ್ರಹವು ಭೂಕುಸಿತದ ಭಯವನ್ನು ನೀಗಿಸುತ್ತದೆ. ಮಳೆಗಾಲದಲ್ಲಿ ಅಂತರಜಾಲ ಹಲವು ದಿನ ಕೈಕೊಡುವುದರಿಂದ ಅದೊಂದನ್ನೇ ನೆಚ್ಚುವುದು ಕಷ್ಟ. ಲೆಕ್ಕ ಮತ್ತು ಮಳೆಯ ಕಡತಗಳು ಚಿಕ್ಕವು. ನಿಧಾನದ ಸಂಪರ್ಕದಲ್ಲೂ ಹೋಗುತ್ತವೆ. ಭಾರವಾಗುವುದು ಛಾಯಾಚಿತ್ರಗಳು. ಮೊದಲ ಪೂರ್ಣ ಪ್ರತಿಯನ್ನು ಪಟ್ಟಣದಲ್ಲಿ ಏರಿಸಿ, ಬಳಿಕ ಬದಲಾದ ಕಡತಗಳನ್ನಷ್ಟೇ ಸೇರಿಸುವ ಏರಿಕೆ ಕ್ರಮವನ್ನು ಅನುಸರಿಸಬಹುದು. ಸಿಂಕ್ ಮಾಡುವುದನ್ನೇ ಬ್ಯಾಕಪ್ ಎಂದು ಭಾವಿಸುವುದು ಸಾಮಾನ್ಯ ತಪ್ಪು ಗ್ರಹಿಕೆ: ಇಲ್ಲಿ ಅಳಿಸಿದ ಕಡತ ಅಲ್ಲಿಯೂ ಅಳಿಯುತ್ತದೆ. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನ್ನಾಕ್ರೈನಂತಹ ಸುಲಿಗೆ ತಂತ್ರಾಂಶಗಳು ಜೋಡಿಸಿಟ್ಟ ಡಿಸ್ಕಿನ ಕಡತಗಳಿಗೂ ಬೀಗ ಹಾಕುತ್ತವೆ. ಹಾಗಾಗಿ ಹಿಂದಿನ ಆವೃತ್ತಿಗಳನ್ನು ಉಳಿಸಿಕೊಳ್ಳುವ ಸೇವೆ ಮತ್ತು ಕಳಚಿಟ್ಟ ಡಿಸ್ಕ್ ಎರಡೂ ಬೇಕು.

ಟ್ಯಾಲಿಯಂತಹ ಲೆಕ್ಕದ ತಂತ್ರಾಂಶಗಳಲ್ಲಿ ಬ್ಯಾಕಪ್ ಸೌಲಭ್ಯ ಒಳಗೇ ಇದೆ. ಗೂಢಲಿಪೀಕರಿಸಿದ ಪ್ರತಿಗೆ ಗುಪ್ತಪದ ಮರೆತರೆ ಬೇರೆ ದಾರಿಯಿಲ್ಲ. ಅದು ತೋಟದ ರೈಟರಿಗೆ ಮಾತ್ರ ತಿಳಿದಿರುವುದು ಅಪಾಯಕರ.

ಮರುಪಡೆಯುವಿಕೆಯ ಪರೀಕ್ಷೆ

ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಮುಖ್ಯ ದತ್ತಸಂಚಯ ಕೈತಪ್ಪಿನಿಂದ ಅಳಿಸಿಹೋದಾಗ, ಅಲ್ಲಿದ್ದ ಹಲವು ಬ್ಯಾಕಪ್ ವಿಧಾನಗಳು ಕೆಲಸಕ್ಕೆ ಬಾರದಿದ್ದುದು ಬೆಳಕಿಗೆ ಬಂತು. ಆಕಸ್ಮಿಕವಾಗಿ ಸುಮಾರು 6 ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ಉಳಿಸಿತು. ತೋಟದಲ್ಲಿ ಈ ಪರೀಕ್ಷೆಗೆ ಮಳೆಗಾಲದ ಮುನ್ನ ಒಂದು ದಿನ ಸಾಕು: ಡಿಸ್ಕನ್ನು ಬೇರೊಂದು ಗಣಕಕ್ಕೆ ಜೋಡಿಸಿ, ಹಳೆಯ ವರ್ಷದ ಒಂದು ಕಡತವನ್ನು ತೆರೆದು ಅಂಕಿಗಳನ್ನು ಹೋಲಿಸಬೇಕು.

ಲಿಪಿಯ ತೊಡಕು

ಕನ್ನಡದ ಕಡತಗಳಿಗೆ ಇನ್ನೊಂದು ಅಪಾಯವಿದೆ. ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಪಠ್ಯವು ಡಿಸ್ಕಿನಲ್ಲಿ ಸುರಕ್ಷಿತವಾಗಿದ್ದರೂ ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಮೂಡಿಗೆರೆಯಲ್ಲಿ ನೆಲೆಸಿದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಕನ್ನಡ ತಂತ್ರಾಂಶದ ಅಭಿವೃದ್ಧಿಗಾಗಿ ಒತ್ತಾಯಿಸಿದವರಲ್ಲಿ ಪ್ರಮುಖರು. ಹಳೆಯ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವೊತ್ತುಗಳು ಕೆಲವೊಮ್ಮೆ ಸ್ಥಾನ ತಪ್ಪುವುದರಿಂದ, ಮೂಲ ಕಡತವನ್ನೂ ಅದರ ಫಾಂಟನ್ನೂ ಪರಿವರ್ತಿತ ಪ್ರತಿಯ ಜೊತೆಗೇ ಒಂದೇ ಕಡತಕೋಶದಲ್ಲಿ ಇರಿಸಲಾಗುತ್ತದೆ.